ಒಳಲೆಯ ಅಳತೆ

ನೀರು ಕುಡಿಯುವುದನ್ನು ಯಾರೂ ಯಾರಿಗೂ ಕಲಿಸಿಕೊಡಬೇಕಾಗಿಲ್ಲವೆಂದು ನಾವೆಲ್ಲರೂ ತಿಳಿದಿರುತ್ತೇವೆ. ಬಾಯಾರಿದಾಗ ಚೆಂಬನ್ನೆತ್ತಿ ಗಟಗಟನೆ ಕುಡಿಯುವುದು, ದಣಿವಾರಿದ ಮೇಲೆ ಕೆಳಗಿಡುವುದು. ಇದರಲ್ಲಿ ಕಲಿಯತಕ್ಕ ವಿದ್ಯೆಯೇನಿದೆ? ಆದರೆ ಪ್ರಾಯಕ್ಕೆ ಬಂದ ಮನುಷ್ಯರು ಶಿಶುವಿನಂತೆ ನೀರು ಕುಡಿಯುವುದನ್ನು ಮೊದಲಿನಿಂದ ಕಲಿಯಬೇಕಾಗುವ ಸಂದರ್ಭವೊಂದುಂಟು. ದೇಹದ ತೂಕವನ್ನು ಇಳಿಸುವುದಕ್ಕಾಗಿ ಜಠರದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಬಂದವರ ಪಾಡು ಅದು. ಆ ಪಾಠವನ್ನು ನಮ್ಮ ಮನೆಯವರು ಕಲಿತುದು ಭಯದಿಂದ. ಆ ಭಯವು ಇತರರ ಮನೆಗೆ ಬಾರದಿರಲೆಂದು ಈ ಕೆಲವು ಮಾತುಗಳನ್ನು ಸೋದರಿಯರ ಮುಂದಿಡುತ್ತಿದ್ದೇನೆ.

ನಮ್ಮ ಅತ್ತಿಗೆಯವರಿಗೆ ಆಗ ೪೧ ವರ್ಷ. ತೂಕವು ೧೧೦ ಕಿಲೋಗ್ರಾಮನ್ನು ದಾಟಿದ್ದಿತು. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಮಂಡಿನೋವು, ನಿದ್ರೆಯಲ್ಲಿ ಉಸಿರುಕಟ್ಟಿ ದಿಗ್ಗನೆ ಏಳುವುದು, ಇವೆಲ್ಲವೂ ಒಂದರ ಹಿಂದೊಂದಾಗಿ ಬಂದು ಸೇರಿದ್ದವು. ಪಥ್ಯ, ನಡಿಗೆ, ಔಷಧ ಎಲ್ಲವನ್ನೂ ವರ್ಷಗಟ್ಟಲೆ ನಡೆಸಿ ನೋಡಿದ ಮೇಲೆಯೇ ವೈದ್ಯರು ಶಸ್ತ್ರಚಿಕಿತ್ಸೆಯ ಮಾತನ್ನೆತ್ತಿದರು. ಇದನ್ನು ಅಂದಚೆಂದಕ್ಕಾಗಿ ಮಾಡಿಸಿಕೊಳ್ಳುವ ಶೋಕಿಯೆಂದು ಭಾವಿಸುವವರು ಇನ್ನೂ ಇದ್ದಾರೆ, ಅದು ಸರಿಯಲ್ಲ. ಅತಿಸ್ಥೂಲತೆಯು ಒಂದು ರೋಗ. ಇದು ಅದಕ್ಕಿರುವ ಚಿಕಿತ್ಸೆಗಳಲ್ಲೊಂದು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಎಲ್ಲವೂ ತೊಡಕಿಲ್ಲದೆ ನೆರವೇರಿ, ಮೂರನೆಯ ದಿನ ಅತ್ತಿಗೆಯವರು ಮೈಸೂರಿನ ಮನೆಗೆ ಬಂದರು.

ಮನೆಯಲ್ಲಿ ಉಪಚಾರಕ್ಕೇನೂ ಕೊರತೆಯಿರಲಿಲ್ಲ. ಮಾತ್ರೆಗಳನ್ನು ಹೊತ್ತುಹೊತ್ತಿಗೆ ಕೊಡಲು ಅಣ್ಣನು ಗೋಡೆಗೆ ಒಂದು ಪಟ್ಟಿಯನ್ನೇ ಅಂಟಿಸಿದ್ದನು. ನಮ್ಮ ತಾಯಿಯವರು ತಿಳಿಸಾರು ಮಾಡುವರು, ಬೇಳೆಯ ಕಟ್ಟನ್ನು ಸೋಸಿಕೊಡುವರು. ಹಾಸಿಗೆಯ ಪಕ್ಕದಲ್ಲಿ ಕಾಯಿಸಿ ಆರಿಸಿದ ನೀರು ದೊಡ್ಡ ಲೋಟದ ತುಂಬ ಸದಾ ಇರುತ್ತಿತ್ತು. ಲೋಟವು ಅಲ್ಲಿದ್ದುದನ್ನು ನಾವೆಲ್ಲರೂ ಕಂಡೆವು. ಅದು ಬರಿದಾಗುತ್ತಿತ್ತೇ ಎಂಬುದನ್ನು ಯಾರೂ ನೋಡಲಿಲ್ಲ. ಅತ್ತಿಗೆಯವರು ಚಿಕ್ಕಂದಿನ ಅಭ್ಯಾಸದಂತೆ ಲೋಟವನ್ನೆತ್ತಿ ಬಾಯಿಗೆ ಸುರಿದುಕೊಳ್ಳುವರು. ಎದೆಯ ನಡುವೆ ಹಿಡಿದಂತಾಗುವುದು. "ಆಮೇಲೆ ಕುಡಿಯುತ್ತೇನೆ" ಎಂದು ಕೆಳಗಿಡುವರು. ಒಂಬತ್ತು ದಿನಗಳಲ್ಲಿ ೭ ಕಿಲೋಗ್ರಾಮ್ ಇಳಿದುದನ್ನು ತೂಕದ ಯಂತ್ರವು ತೋರಿಸಿದಾಗ ಮನೆಯವರೆಲ್ಲರೂ ಹಿಗ್ಗಿದೆವು. ಹತ್ತನೆಯ ದಿನ ಬೆಳಗ್ಗೆ ಬಚ್ಚಲುಮನೆಯ ಬಾಗಿಲವರೆಗೆ ನಡೆದುಹೋದವರು ಕಣ್ಣು ಕತ್ತಲಿಟ್ಟು ಅಲ್ಲಿಯೇ ಕುಸಿದುಬಿದ್ದರು.

ಆಸ್ಪತ್ರೆಯಲ್ಲಿ ವೈದ್ಯರು ನಾಡಿಯನ್ನು ನೋಡಿ, ನಾಲಗೆಯನ್ನು ನೋಡಿ, ನಮ್ಮ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು: "ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಇವರು ಒಟ್ಟು ಎಷ್ಟು ನೀರು ಕುಡಿದರು?" ಅಣ್ಣನು ತಾಯಿಯವರ ಮುಖ ನೋಡಿದನು; ತಾಯಿಯವರು ನನ್ನ ಮುಖ ನೋಡಿದರು. ಯಾವ ಮಾತ್ರೆಯನ್ನು ಎಷ್ಟು ಗಂಟೆಗೆ ಕೊಟ್ಟೆವೆಂಬುದು ಮೂವರಿಗೂ ಬಾಯಿಪಾಠವಾಗಿತ್ತು. ನೀರಿನ ಲೆಕ್ಕವು ಒಬ್ಬರಿಗೂ ತಿಳಿಯದು. ಯೋಚಿಸಿ ಕೂಡಿಸಿ ನೋಡಿದರೆ ಅದು ೪೦೦ ಮಿಲಿಲೀಟರನ್ನೂ ಮುಟ್ಟಲಿಲ್ಲ. ಒಂದೂವರೆ ದಿನ ರಕ್ತನಾಳದ ಮೂಲಕ ದ್ರವವನ್ನು ಕೊಟ್ಟ ಮೇಲೆ ಅತ್ತಿಗೆಯವರು ಚೇತರಿಸಿಕೊಂಡರು. "ಔಷಧಿಗೆ ಹೊತ್ತು ಗೊತ್ತು ಮಾಡಿದೆವು, ನೀರಿಗೆ ಮಾಡಲಿಲ್ಲ" ಎಂದು ತಾಯಿಯವರು ಅಂದು ಕಣ್ಣೊರಸಿಕೊಂಡರು. ಈ ಲೇಖನದಲ್ಲಿ ನಾನು ಹೇಳಬೇಕಾದುದೆಲ್ಲವೂ ಆ ಒಂದು ಮಾತಿನಲ್ಲಿದೆ.

ಈ ಶಸ್ತ್ರಚಿಕಿತ್ಸೆಯೆಂದರೇನೆಂಬುದನ್ನು ಮೊದಲು ಸ್ವಲ್ಪ ತಿಳಿಯುವುದೊಳ್ಳೆಯದು. ೧೯೬೬ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ ಎಂಬ ವೈದ್ಯರು ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಕ್ರಮವನ್ನು ಮೊದಲು ಮಾಡಿದರು. ಹುಣ್ಣಿನ ಬಾಧೆಗಾಗಿ ಜಠರದ ಒಂದು ಭಾಗವನ್ನು ತೆಗೆಸಿಕೊಂಡವರ ತೂಕವು ಇಳಿಯುವುದೆಂಬ ಅನುಭವವೇ ಅದಕ್ಕೆ ಮೂಲ. ಇಂದು ನಡೆಯುವ ಬೈಪಾಸಿನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು ೩೦ ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನು ಮಾಡಿ, ಅದನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಈಗ ಲೋಕದಲ್ಲಿ ಹೆಚ್ಚಾಗಿ ನಡೆಯುವುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಇದರಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಉಳಿದುದು ಅಂಗಿಯ ತೋಳಿನಂತೆ ಕಿರಿದಾದ ಕೊಳವೆ. ಲೀಟರಿಗೂ ಮೇಲ್ಪಟ್ಟು ಹಿಡಿಯುತ್ತಿದ್ದ ಜಠರವು ೧೦೦ರಿಂದ ೧೫೦ ಮಿಲಿಲೀಟರಿನಷ್ಟು ಆಗಿಹೋಗುತ್ತದೆ. ಅಲ್ಲದೆ ಮೊದಲ ವಾರಗಳಲ್ಲಿ ಹೊಲಿಗೆಯ ಸುತ್ತ ಬಾವು ಇರುವುದರಿಂದ ಆ ದಾರಿಯು ಇನ್ನೂ ಇಕ್ಕಟ್ಟಾಗಿರುವುದು. ನಮ್ಮ ಅತ್ತಿಗೆಯವರಿಗೆ ಆದುದು ಇದೇ.

ಇಲ್ಲಿ ಮನಗಾಣಬೇಕಾದ ಸಂಗತಿಯೊಂದಿದೆ. ಕಿರಿದಾದುದು ಜಠರವೇ ಹೊರತು ದೇಹದ ನೀರಿನ ಅಗತ್ಯವಲ್ಲ. ಚರ್ಮ ಮತ್ತು ಉಸಿರಿನ ಮೂಲಕ ನಮಗೆ ತಿಳಿಯದಂತೆಯೇ ದಿನಕ್ಕೆ ಸುಮಾರು ೮೦೦ ಮಿಲಿಲೀಟರ್ ನೀರು ಹೊರಟುಹೋಗುತ್ತದೆ. ದೇಹದ ಕಶ್ಮಲವನ್ನು ಹೊರಹಾಕಲು ಮೂತ್ರಪಿಂಡಗಳಿಗೆ ಕಡಮೆಯೆಂದರೂ ೫೦೦ ಮಿಲಿಲೀಟರ್ ಮೂತ್ರ ಬೇಕು. ಬೇಸಗೆಯ ಬೆವರು, ವಾಂತಿ, ಭೇದಿಗಳು ಬೇರೆ. ಆದುದರಿಂದಲೇ ವೈದ್ಯರು ದಿನಕ್ಕೆ ಒಂದೂವರೆ ಲೀಟರಿಗೆ ಕಡಮೆಯಾಗದಂತೆ, ಸಾಧ್ಯವಾದರೆ ಎರಡು ಲೀಟರಿನವರೆಗೆ ದ್ರವವನ್ನು ತೆಗೆದುಕೊಳ್ಳಬೇಕೆಂದು ವಿಧಿಸುತ್ತಾರೆ. ಹೃದಯದ ಅಥವಾ ಮೂತ್ರಪಿಂಡದ ರೋಗವುಳ್ಳವರಿಗೆ ಅಳತೆಯು ಬೇರೆಯಾಗಬಹುದು. ಅದನ್ನು ಅವರವರ ವೈದ್ಯರೇ ಹೇಳಬೇಕು.

ನೀರು ಕಡಮೆಯಾಗುವುದಕ್ಕೆ ಇಕ್ಕಟ್ಟಾದ ದಾರಿಯೊಂದೇ ಕಾರಣವಲ್ಲ. ನಾವು ಊಟದೊಡನೆಯೂ ಬಹಳ ನೀರನ್ನು ಸೇವಿಸುತ್ತೇವೆ. ಅನ್ನ, ಹುಳಿ, ಮಜ್ಜಿಗೆ, ಸೌತೆಕಾಯಿ, ಹಣ್ಣು ಎಲ್ಲದರಲ್ಲಿಯೂ ನೀರೇ ಹೆಚ್ಚು. ಸಾಧಾರಣವಾಗಿ ದಿನದ ನೀರಿನಲ್ಲಿ ಐದನೆಯ ಒಂದು ಪಾಲು ಆಹಾರದಿಂದಲೇ ಬರುತ್ತದೆ. ಊಟವು ನಾಲ್ಕೈದು ಚಮಚಕ್ಕೆ ಇಳಿದಾಗ ಆ ಪಾಲೂ ನಿಂತುಹೋಗುತ್ತದೆ. ಮತ್ತೊಂದು ಕಾರಣವು ನಮ್ಮನ್ನು ಮೋಸಗೊಳಿಸಿದಂಥದು. ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೋಜನ್ ಎಂಬ ಪಿಷ್ಟದ ಸಂಗ್ರಹವಿರುತ್ತದೆ; ಅದರ ಪ್ರತಿಯೊಂದು ಗ್ರಾಮಿನೊಡನೆ ಸುಮಾರು ಮೂರು ಗ್ರಾಮ್ ನೀರು ಸೇರಿಕೊಂಡಿರುತ್ತದೆ. ಆಹಾರವು ತಗ್ಗಿದ ಮೊದಲ ದಿನಗಳಲ್ಲಿ ದೇಹವು ಈ ಸಂಗ್ರಹವನ್ನು ಕರಗಿಸುವುದರಿಂದ ಆ ನೀರು ಮೂತ್ರವಾಗಿ ಹೊರಟುಹೋಗುತ್ತದೆ. ಮೊದಲ ವಾರದಲ್ಲಿ ಇಳಿದ ತೂಕದಲ್ಲಿ ಕೊಬ್ಬು ಸ್ವಲ್ಪ, ನೀರು ಬಹಳ. ನಾವು ಯಂತ್ರದ ಮುಂದೆ ನಿಂತು ಹಿಗ್ಗಿದುದು ಬಹುಮಟ್ಟಿಗೆ ಅತ್ತಿಗೆಯವರ ದೇಹವು ಒಣಗುತ್ತಿದ್ದುದನ್ನು ಕಂಡು!

ಇನ್ನು ಬಾಯಾರಿಕೆಯನ್ನು ನಂಬಿಕೊಂಡಿರೋಣವೆಂದರೆ ಅದೂ ಸಾಲದು. ಹೊಟ್ಟೆಯು ತುಂಬಿದಂತೆಯೇ ಇರುವುದರಿಂದಲೂ ಓಕರಿಕೆಯಿಂದಲೂ ಅನೇಕರಿಗೆ ನೀರಿನ ಮೇಲೆ ಮನಸ್ಸೇ ಹೋಗುವುದಿಲ್ಲ. ನೀರು ಕಡಮೆಯಾದರೆ ಓಕರಿಕೆಯು ಹೆಚ್ಚುವುದು. ಓಕರಿಕೆಯಿಂದ ನೀರು ಇನ್ನೂ ಕಡಮೆಯಾಗುವುದು. ಈ ಸುಳಿಯಲ್ಲಿ ಸಿಕ್ಕಿದವರು ತಾವಾಗಿ ಹೊರಬರುವುದು ಕಷ್ಟ. ಈ ಶಸ್ತ್ರಚಿಕಿತ್ಸೆಯಾದವರು ಮರಳಿ ಆಸ್ಪತ್ರೆಗೆ ಬರಬೇಕಾಗುವ ಕಾರಣಗಳಲ್ಲಿ ನೀರಿನ ಕೊರತೆಯು ಬಹಳ ಸಾಮಾನ್ಯವಾದುದು. ಬೇರೆ ಎಷ್ಟೋ ತೊಡಕುಗಳನ್ನು ತಡೆಯುವುದು ವೈದ್ಯರ ಕೈಯಲ್ಲಿದೆ. ಇದನ್ನು ತಡೆಯುವುದು ಹೆಚ್ಚಾಗಿ ಮನೆಯವರ ಕೈಯಲ್ಲಿದೆ.

ಅದನ್ನು ನಾವು ಹೇಗೆ ಮಾಡಿದೆವೆಂಬುದನ್ನು ಹೇಳುತ್ತೇನೆ. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು ನಮ್ಮ ಮನೆಗಳ ಪದ್ಧತಿ. ಎಂಜಲಾಗದೆಂಬುದು ಅದರ ಗುಣ. ಆದರೆ ಹಾಗೆ ಕುಡಿಯುವಾಗ ನೀರಿನ ಜೊತೆಗೆ ಗಾಳಿಯೂ ಹೊಟ್ಟೆಗಿಳಿಯುತ್ತದೆ, ಗುಟುಕೂ ದೊಡ್ಡದಾಗುತ್ತದೆ. ಕಿರಿದಾದ ಜಠರಕ್ಕೆ ಇವೆರಡೂ ಆಗದು. ಆಸ್ಪತ್ರೆಯಿಂದ ಎರಡನೆಯ ಸಲ ಬಂದ ದಿನ ತಾಯಿಯವರು ಬೀರುವಿನಲ್ಲಿ ಹುಡುಕಿ ನಮ್ಮನ್ನೆಲ್ಲ ಸಾಕಿದ ಬೆಳ್ಳಿಯ ಒಳಲೆಯನ್ನು ಹೊರತೆಗೆದರು. ಕುದಿಯುವ ನೀರಿನಲ್ಲಿ ಅದನ್ನು ತೊಳೆದು, ಔಷಧಿಯ ಸೀಸೆಯ ಮುಚ್ಚಳದಿಂದ ಅಳೆದು ನೋಡಿದರೆ ೧೫ ಮಿಲಿಲೀಟರಿನ ಎರಡು ಮುಚ್ಚಳ ಹಿಡಿಯಿತು. "ನನಗೇಕತ್ತೆ ಒಳಲೆ, ನಾನೇನು ಹಸುಗೂಸೇ?" ಎಂದು ಅತ್ತಿಗೆಯವರು ನಕ್ಕರು. "ಈಗ ನಿನ್ನ ಹೊಟ್ಟೆ ಹಸುಗೂಸಿನದೇ ಕಣಮ್ಮ, ಕಚ್ಚಿಕೊಂಡೇ ಕುಡಿ" ಎಂದರು ತಾಯಿಯವರು. ಎಂಜಲಿನ ಮಾತು ಅಂದಿಗೆ ಮುಗಿಯಿತು.

ಲೆಕ್ಕವು ಸುಲಭವಾದುದು. ಕಾಲು ಗಂಟೆಗೊಮ್ಮೆ ಒಂದು ಒಳಲೆ, ಎಂದರೆ ೩೦ ಮಿಲಿಲೀಟರ್. ಅದನ್ನೂ ಒಂದೇ ಸಲಕ್ಕೆ ಸುರಿದುಕೊಳ್ಳದೆ ಮೂರು ನಾಲ್ಕು ಪುಟ್ಟ ಗುಟುಕುಗಳಲ್ಲಿ ಕುಡಿಯತಕ್ಕದ್ದು. ಗಂಟೆಗೆ ನಾಲ್ಕಾದರೆ ೧೨೦ ಮಿಲಿಲೀಟರ್. ಎಚ್ಚರವಾಗಿರುವ ೧೪ ಗಂಟೆಗಳಲ್ಲಿ ೧,೬೮೦ ಮಿಲಿಲೀಟರ್ ಆಗುವುದು. ಎಲ್ಲ ಕಾಲು ಗಂಟೆಗಳೂ ಸಾಗುವುದಿಲ್ಲ. ನಿದ್ರೆ, ಸ್ನಾನ, ಊಟಗಳಲ್ಲಿ ಕೆಲವು ತಪ್ಪುತ್ತವೆ. ದಿನಗಳೆದಂತೆ ಬಾವು ಇಳಿದು ಗುಟುಕು ದೊಡ್ಡದಾಗುವುದರಿಂದ ಆ ಕೊರತೆಯೂ ತುಂಬುವುದು. ಬೆಳಗ್ಗೆ ಒಂದೂವರೆ ಲೀಟರನ್ನು ಅಳೆದು ಒಂದು ಹೂಜಿಯಲ್ಲಿ ಬೇರೆಯಿಡುತ್ತಿದ್ದೆವು. ಸಂಜೆ ಹೂಜಿಯನ್ನು ನೋಡಿದರೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಅಣ್ಣನ ಪಟ್ಟಿಯಲ್ಲಿ ಮಾತ್ರೆಗಳ ಕೆಳಗೆ ನೀರಿಗೂ ಸಾಲುಗಳು ಬಂದವು. ಕೆಲವರಿಗೆ ತಣ್ಣನೆಯ ನೀರು ಇಳಿಯುತ್ತದೆ, ಕೆಲವರಿಗೆ ಉಗುರು ಬೆಚ್ಚಗಿದ್ದರೆ ಹಿತ. ಯಾವುದು ಇಳಿಯುವುದೋ ಅದೇ ಒಳ್ಳೆಯದು.

ಗಟ್ಟಿ ಆಹಾರವನ್ನು ಆರಂಭಿಸಿದ ಮೇಲೆ ಮತ್ತೊಂದು ನಿಯಮ ಬರುತ್ತದೆ: ಊಟದ ನಡುವೆ ನೀರು ಕೂಡದು. ಚಿಕ್ಕ ಜಠರವು ನೀರಿನಿಂದ ತುಂಬಿದರೆ ಆಹಾರಕ್ಕೆ ಸ್ಥಳವಿರದು; ಎರಡೂ ಒಟ್ಟಿಗೆ ಸೇರಿದರೆ ಎದೆಯೊತ್ತಿ ವಾಂತಿಯಾಗಬಹುದು. ಊಟ ಮುಗಿದ ಅರ್ಧ ಗಂಟೆಯ ತರುವಾಯ ಗುಟುಕುಗಳನ್ನು ಮತ್ತೆ ಆರಂಭಿಸಬೇಕು; ಊಟಕ್ಕೆ ಮುಂಚೆಯೂ ಅಷ್ಟೇ ಬಿಡುವಿರಲೆಂದು ಅನೇಕ ವೈದ್ಯರು ಹೇಳುತ್ತಾರೆ. ಎಲೆಯ ಪಕ್ಕದಲ್ಲಿ ನೀರಿಡದೆ ಬಡಿಸುವುದು ನಮ್ಮವರಿಗೆ ಒಗ್ಗದ ಮಾತು. ಆದರೂ ಕೆಲವು ದಿನಗಳಲ್ಲಿ ಅದೂ ರೂಢಿಯಾಗುತ್ತದೆ.

ಯಾವ ಪಾನೀಯ ಒಳ್ಳೆಯದೆಂದು ಕೇಳಬಹುದು. ನೀರೇ ಮೊದಲನೆಯದು. ತಿಳಿಸಾರು, ಬೇಳೆಯ ಕಟ್ಟು, ಕೆನೆ ತೆಗೆದ ತೆಳು ಮಜ್ಜಿಗೆ, ಸಕ್ಕರೆಯಿಲ್ಲದ ಜೀರಿಗೆ ನೀರು, ವೈದ್ಯರು ಹೇಳಿದ ಕ್ರಮದಲ್ಲಿ ಹಾಲು, ಇವೆಲ್ಲವೂ ದಿನದ ಲೆಕ್ಕಕ್ಕೆ ಸೇರುತ್ತವೆ. ಎಳನೀರು ಒಳ್ಳೆಯದಾದರೂ ಅದರಲ್ಲಿ ಸಹಜವಾದ ಸಕ್ಕರೆಯೂ ಪೊಟ್ಯಾಸಿಯಮ್ಮೂ ಇರುವುದರಿಂದ ಅಳತೆಯಲ್ಲಿರಲಿ. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಕುಡಿಯಕೂಡದು. ಪಾನಕ, ಪಾಯಸ, ಹಣ್ಣಿನ ರಸ, ಅಂಗಡಿಯ ಸಿಹಿ ಪಾನೀಯಗಳನ್ನು ದೂರವಿಡಬೇಕು. ಮುಖ್ಯವಾಗಿ ಬೈಪಾಸ್ ಆದವರಲ್ಲಿ ಸಿಹಿಯು ಕರುಳಿಗೆ ಒಮ್ಮೆಲೇ ಇಳಿದು, ಅರ್ಧ ಗಂಟೆಯೊಳಗಾಗಿ ಎದೆ ಡವಗುಟ್ಟುವುದು, ಬೆವರುವುದು, ಹೊಟ್ಟೆ ಹಿಂಡುವುದು, ಭೇದಿಯಾಗುವುದು. ನೀರು ಕೊಡಲೆಂದು ಕೊಟ್ಟ ಪಾನಕವೇ ನೀರನ್ನು ಕಳೆಯುವುದು. ಸೋಡಾ ಮೊದಲಾದವುಗಳ ಗಾಳಿಯು ಚಿಕ್ಕ ಜಠರವನ್ನು ಉಬ್ಬಿಸುತ್ತದೆ. ಕಾಫಿಯ ಮಾತನ್ನಾಡುವುದು ನಮ್ಮ ಮನೆಗಳಲ್ಲಿ ಕಷ್ಟವೇ ಸರಿ. ಆದರೂ ಮೊದಲ ಕೆಲವು ವಾರ ಅದನ್ನು ಬಿಟ್ಟು, ವೈದ್ಯರ ಒಪ್ಪಿಗೆಯಾದ ಮೇಲೆ ಮರಳಿ ಆರಂಭಿಸುವುದು ಲೇಸು.

ವಾಂತಿಭೇದಿಗಳಾದಾಗ ಬರಿಯ ನೀರಿಗಿಂತ ಓಆರ್‌ಎಸ್ ಎಂಬ ಉಪ್ಪುಸಕ್ಕರೆಯ ದ್ರಾವಣವನ್ನು ವೈದ್ಯರು ಹೇಳಬಹುದು. ಸಣ್ಣ ಕರುಳು ಉಪ್ಪನ್ನೂ ಗ್ಲೂಕೋಸನ್ನೂ ಜೊತೆಯಾಗಿ ಹೀರುವಾಗ ನೀರೂ ಅವುಗಳ ಹಿಂದೆ ಒಳಸೇರುತ್ತದೆ. ೧೯೭೧ರಲ್ಲಿ ಬಾಂಗ್ಲಾದೇಶದ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವವು ಮುಗಿದುಹೋಗುತ್ತ ಬಂದಾಗ, ದಿಲೀಪ್ ಮಹಲನೊಬಿಸ್ ಎಂಬ ವೈದ್ಯರು ಈ ದ್ರಾವಣವನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿ ಸಾವಿರಾರು ಪ್ರಾಣಗಳನ್ನು ಉಳಿಸಿದರು. ಮನೆಯವರು ತಾಳ್ಮೆಯಿಂದ ಕೊಡುವ ಗುಟುಕಿಗೆ ಎಂಥ ಬಲವಿದೆಯೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಪೊಟ್ಟಣದ ಮೇಲೆ ಬರೆದಷ್ಟು ನೀರಿನಲ್ಲಿಯೇ ಅದನ್ನು ಕದಡತಕ್ಕದ್ದು, ಹೆಚ್ಚುಕಡಮೆ ಮಾಡಕೂಡದು.

ನೀರು ಸಾಲದೆಂಬುದಕ್ಕೆ ಗುರುತುಗಳೇನು? ಮೂತ್ರದ ಬಣ್ಣವೇ ಮೊದಲನೆಯ ಸಾಕ್ಷಿ. ತೆಳು ಹಳದಿಯಿದ್ದರೆ ಕ್ಷೇಮ. ಗಾಢವಾಗಿ ಚಹದ ಡಿಕಾಕ್ಷನ್ನಿನಂತಾದರೆ, ದಿನಕ್ಕೆ ಎರಡೇ ಸಲ ಆಗುವಂತಾದರೆ, ಎಚ್ಚರಗೊಳ್ಳಬೇಕು. ಕೆಲವು ಮಾತ್ರೆಗಳಿಂದಲೂ ಬಣ್ಣ ಬದಲಾಗುವುದುಂಟು. ಆದುದರಿಂದ ಬೇರೆ ಗುರುತುಗಳನ್ನೂ ಕೂಡಿಸಿ ನೋಡಬೇಕು. ಒಣಗಿದ ನಾಲಗೆ, ತಲೆನೋವು, ಎದ್ದು ನಿಂತಾಗ ತಲೆ ತಿರುಗುವುದು, ನಾಡಿಯು ವೇಗವಾಗುವುದು, ಮಲಬದ್ಧತೆ, ಕಾರಣವಿಲ್ಲದ ಆಯಾಸ, ಇವು ಉಳಿದವು. ಗುಟುಕು ನೀರೂ ನಿಲ್ಲದೆ ಹೊರಬರುತ್ತಿದ್ದರೆ ಮರುದಿನಕ್ಕೆಂದು ಕಾಯದೆ ಅಂದೇ ವೈದ್ಯರಿಗೆ ತಿಳಿಸಬೇಕು. ಜ್ವರ, ಹೊಟ್ಟೆಯ ತೀವ್ರವಾದ ನೋವು, ಸುಮ್ಮನೆ ಮಲಗಿದ್ದಾಗಲೂ ನಿಮಿಷಕ್ಕೆ ೧೨೦ನ್ನು ಮೀರಿದ ನಾಡಿ, ಉಸಿರಾಟದ ಕಷ್ಟ, ಇವು ನೀರಿನ ಕೊರತೆಗಿಂತ ಗಂಭೀರವಾದ, ಹೊಲಿಗೆಯೇ ಸೋರುವಂಥ ತೊಡಕಿನ ಲಕ್ಷಣವಾಗಿರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ದಿನಗಟ್ಟಲೆ ವಾಂತಿಯಾಗುತ್ತಿರುವವರ ವಿಷಯದಲ್ಲಿ ಮತ್ತೊಂದು ಮಾತನ್ನು ಪ್ರತಿಯೊಂದು ಮನೆಯವರೂ ನೆನಪಿಟ್ಟಿರಬೇಕು. ತಯಾಮಿನ್ ಎಂಬ ಬಿ೧ ಜೀವಸತ್ವವು ದೇಹದಲ್ಲಿ ಎರಡು ಮೂರು ವಾರಗಳಿಗಾಗುವಷ್ಟೇ ಸಂಗ್ರಹವಿರುತ್ತದೆ. ಅದು ಮುಗಿದಾಗ ಮೆದುಳಿಗೆ ಧಕ್ಕೆಯಾಗುತ್ತದೆ: ದೃಷ್ಟಿ ಎರಡಾಗುವುದು, ಕಣ್ಣುಗುಡ್ಡೆ ಅದುರುವುದು, ನಡಿಗೆ ತಪ್ಪುವುದು, ಮಾತಿನಲ್ಲಿ ಗೊಂದಲ. ಈ ಸ್ಥಿತಿಯಲ್ಲಿ ತಯಾಮಿನ್ ಇಲ್ಲದೆ ಗ್ಲೂಕೋಸನ್ನು ಮಾತ್ರ ಏರಿಸಿದರೆ ಹಾನಿಯು ಹೆಚ್ಚಬಹುದು. ಆದುದರಿಂದ ಹೊಸ ವೈದ್ಯರ ಬಳಿಗೆ ಹೋದಾಗ ಶಸ್ತ್ರಚಿಕಿತ್ಸೆ ಯಾವುದು, ಆಗಿ ಎಷ್ಟು ದಿನವಾಯಿತು, ವಾಂತಿ ಎಂದಿನಿಂದ ಎಂಬ ಮೂರನ್ನೂ ಮೊದಲೇ ಹೇಳಿಬಿಡಬೇಕು. ಅಂತೆಯೇ ಮೂತ್ರವನ್ನು ಹೆಚ್ಚಿಸುವ ಮಾತ್ರೆ, ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆಗಳ ಅಳತೆಯು ಮೊದಲಿನಂತೆಯೇ ಇರಬೇಕೇ ಎಂದು ವೈದ್ಯರನ್ನು ಕೇಳಿ ತಿಳಿಯಬೇಕು. ತಾವಾಗಿ ನಿಲ್ಲಿಸುವುದೂ ತಪ್ಪು, ಕೇಳದೆ ಮುಂದುವರಿಸುವುದೂ ತಪ್ಪು.

ಕೊನೆಯದಾಗಿ ಬಂಧುಗಳಿಗೆ ಒಂದು ಬಿನ್ನಹ. ರೋಗಿಯನ್ನು ನೋಡಲು ಬಂದವರು "ಪಾಪ, ಏನೂ ತಿನ್ನುತ್ತಿಲ್ಲವಲ್ಲ" ಎಂದು ಮರುಗಿ ಒಂದು ತುತ್ತಿಗೆ ಒತ್ತಾಯಿಸುವುದು ನಮ್ಮಲ್ಲಿ ಪ್ರೀತಿಯ ಗುರುತು. ಆ ಪ್ರೀತಿಯು ತುತ್ತನ್ನು ಬಿಟ್ಟು ಗುಟುಕಿಗೆ ತಿರುಗಲಿ. ಮಾತಿನ ಸಡಗರದಲ್ಲಿ ಕಾಲು ಗಂಟೆಗಳು ಜಾರಿಹೋಗದಂತೆ ನೋಡಿಕೊಳ್ಳಲಿ. ಹಬ್ಬ ಹರಿದಿನಗಳಲ್ಲಿ ನೀರನ್ನೂ ಬಿಟ್ಟು ಮಾಡುವ ಉಪವಾಸವು ಮೊದಲ ತಿಂಗಳುಗಳಲ್ಲಿ ಖಂಡಿತವಾಗಿ ಕೂಡದು. ಮುಂದೆಯೂ ವೈದ್ಯರ ಒಪ್ಪಿಗೆಯಿಲ್ಲದೆ ಬೇಡ. ವರ್ಷಗಳು ಕಳೆದ ಮೇಲೂ ನೀರಿನ ಮೇಲಣ ಗಮನ ತಪ್ಪಬಾರದು; ಬೈಪಾಸ್ ಆದವರಿಗೆ ನೀರು ಕಡಮೆಯಾದರೆ ಮೂತ್ರಪಿಂಡದಲ್ಲಿ ಕಲ್ಲಾಗುವ ಸಂಭವ ಹೆಚ್ಚು.

ಇದೆಲ್ಲ ನಡೆದು ಈಗ ಎರಡು ವರ್ಷವಾಯಿತು. ಅತ್ತಿಗೆಯವರ ತೂಕ ೭೬ ಕಿಲೋಗ್ರಾಮಿಗೆ ಇಳಿದಿದೆ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಈ ವರ್ಷ ಹತ್ತಿ ಬಂದರು. ಅಲ್ಲಿಯೂ ಅವರ ಕೈಯಲ್ಲಿ ನೀರಿನ ಸೀಸೆಯಿದ್ದಿತು. ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತು ಒಂದು ಗುಟುಕು. ಒಳಲೆಯನ್ನು ತಾಯಿಯವರು ಬೀರುವಿಗೆ ಹಿಂದಿರುಗಿಸಿರಲಿಲ್ಲ, ಅಡಿಗೆಮನೆಯ ಗೂಡಿನಲ್ಲಿಯೇ ಇಟ್ಟಿದ್ದರು. ಹೋದ ತಿಂಗಳು ನೆರೆಬೀದಿಯ ಒಬ್ಬರು ಇದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದರೆಂದು ತಿಳಿದಾಗ, ಅತ್ತಿಗೆಯವರು ಅದನ್ನು ತೊಳೆದು ಒರೆಸಿ ತಾವೇ ತೆಗೆದುಕೊಂಡು ಹೋಗಿ ಕೊಟ್ಟು, ಹೂಜಿಯ ಲೆಕ್ಕವನ್ನೂ ಹೇಳಿ ಬಂದರು.